ಕುಶಲ ಶೆಟ್ಟರ ಪಿಕಪ್ಪಿನ ಗರ್ಜನೆ

ಕುಶಲ ಶೆಟ್ಟರ ಪಿಕಪ್ ಗಾಡಿಗೆ ಒಂದು ವಾರದಿಂದ ಸಿಟ್ಟು ಬಂದಿತ್ತು. ಓಡುವಾಗ ಸರಿ, ನಿಂತಾಗಲೂ ಸರಿ. ಇಳಿಜಾರಿನಲ್ಲಿ ಕ್ಲಚ್ ಒತ್ತಿ, ಬ್ರೇಕಿನ ಮೇಲೆ ಹಗುರಾಗಿ ಕಾಲಿಟ್ಟು, ಗಾಡಿ ತಾನಾಗಿ ಉರುಳಲಿ ಎಂದು ಬಿಟ್ಟರೆ ಮಾತ್ರ ಇಂಜಿನ್ ‘ಗುರ್ರ್’ ಎಂದು ಬೊಬ್ಬೆ ಹಾಕುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತು, ಹ್ಯಾಂಡ್ ಬ್ರೇಕ್ ಎಳೆದು, ಶೆಟ್ಟರು ಕಾಲು ಚಾಚಿ ಕೂತೊಡನೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತಿತ್ತು.

ಆ ದಿನ ಬೆಳಿಗ್ಗೆ ಪಕ್ಕದಲ್ಲಿ ಹೆಂಡತಿ ಜ್ಯೋತ್ಸ್ನಾ ಕೂತಿದ್ದರು. ಪುಣೆಯ ನಿಗಡಿ ಫ್ಲೈಓವರ್ ಇಳಿಯುವಾಗ ಗಾಡಿ ಗರ್ಜಿಸಿದ ರೀತಿಗೆ ಮುಂದಿದ್ದ ಸ್ಕೂಟರಿನವಳು ಬೆಚ್ಚಿ ಬದಿಗೆ ಸರಿದಳು.

“ಎಂತ ಮಾರಾಯ್ರೆ ಇದು, ಹುಲಿ ಸಾಕಿದ ಹಾಗೆ! ಇವತ್ತು ಸಂಜೆಯೊಳಗೆ ಇದು ಸರಿಯಾಗದಿದ್ರೆ ನಾಳೆಯಿಂದ ನನ್ನ ತಮ್ಮ ರಿತೇಶ ಗಾಡಿ ಬಿಡ್ತಾನೆ. ನೀವು ಹೋಟೆಲಲ್ಲಿ ಕ್ಯಾಶಿಗೆ ಕೂತ್ಕೊಳ್ಳಿ.”

ಬೆಳಗಾಗುವ ಮೊದಲು ತರಕಾರಿ ತರಲು ಮಾರ್ಕೆಟ್ಟಿಗೆ ಹೋಗಿ ಬರುವುದೊಂದೇ ಶೆಟ್ಟರ ಬದುಕಿನಲ್ಲಿ ಅವರದೇ ಆದ ಹೊತ್ತು. ದಾರಿಯುದ್ದಕ್ಕೂ ಗಟ್ಟಿಯಾಗಿ ಹಾಡಬಹುದು, ತಡೆಯುವವರಿಲ್ಲ. ಬರುವಾಗ ರಸ್ತೆ ಬದಿಯ ಗಾಡಿಯೊಂದರಲ್ಲಿ ಬಿಸಿ ಪೋಹೆ, ಅಂದರೆ ಮರಾಠಿಯವರ ಒಗ್ಗರಣೆ ಅವಲಕ್ಕಿ, ತಿನ್ನಬಹುದು. ಸ್ವಂತ ಹೋಟೆಲ್ ಇಟ್ಟುಕೊಂಡು ಬೇರೆಯವರ ಕೈಯ ಪೋಹೆ ತಿನ್ನುವ ಆ ಕಳ್ಳಸುಖ ಜ್ಯೋತ್ಸ್ನಾಗೆ ಗೊತ್ತಿರಲಿಲ್ಲ. ಅದು ಹೋದರೆ ಶೆಟ್ಟರಿಗೆ ಉಳಿಯುವುದು ಗಲ್ಲಾಪೆಟ್ಟಿಗೆ ಮತ್ತು ಚಿಲ್ಲರೆಗಾಗಿ ಜಗಳ.

ಅವರು ಗಾಡಿಯನ್ನು ಹೋಟೆಲಿನ ಮುಂದೆ ನಿಲ್ಲಿಸಿ ಬಾನೆಟ್ ಎತ್ತಿದರು. ಪುಣೆಯಲ್ಲಿ ಬಾನೆಟ್ ಎತ್ತುವುದೂ ಒಂದೇ, ಊಟಕ್ಕೆ ಕರೆಯುವುದೂ ಒಂದೇ. ಮೊದಲು ಬಂದವರು ಮೇಲಿನ ಮನೆಯ ಮಾಂತು. ವಿಜಯಪುರದ ಕಡೆಯವರು, ನಿವೃತ್ತರು, ಹೊತ್ತು ಹೋಗದವರು.

“ಏನಾತ್ರಿ ಶೆಟ್ರ?”

ಶೆಟ್ಟರು ಹೇಳಿದರು. ಮಾಂತು ಕಿವಿಯನ್ನು ಇಂಜಿನ್ನಿನ ಹತ್ತಿರ ಒಯ್ದರು. ಇಂಜಿನ್ ಮಗುವಿನ ಹಾಗೆ ಉಸಿರಾಡುತ್ತಿತ್ತು.

“ಎಲ್ಲಾ ಛಲೋ ಅದಲ್ರಿ. ನಿಮ್ಗ ಕಿವಿ ಡಾಕ್ಟರ್ ಬೇಕಾಗ್ಯಾರ.”

“ನಿಂತಾಗ ಬರೂದಿಲ್ಲ ಮಾರಾಯ್ರೆ! ಇಳಿಜಾರಲ್ಲಿ ಬರ್ತದೆ.”

“ಹಂಗಾರ ನಡೀರಿ, ಇಳಿಜಾರಿಗೇ ಹೋಗೂಣು,” ಎಂದು ಮಾಂತು ಹತ್ತಿಯೇ ಬಿಟ್ಟರು. ಆಫೀಸಿಗೆ ಹೊರಟಿದ್ದ ಎದುರು ಮನೆಯ ಮೈಸೂರು ಹುಡುಗ ಮಿಥುನ ಲ್ಯಾಪ್‌ಟಾಪ್ ಚೀಲದಿಂದ ಒಂದು ಡಬ್ಬಿ ತೆಗೆದ. “ಅಂಕಲ್, ಇದನ್ನ ಗಾಡಿಗೆ ಪ್ಲಗ್ ಮಾಡಿದ್ರೆ ಇಂಜಿನ್ನಿನ ಎಲ್ಲಾ ಡೇಟಾ ಮೊಬೈಲಲ್ಲೇ ಬರತ್ತೆ,” ಎಂದು ಅವನೂ ಹತ್ತಿದ. ಮೂವರೂ ಬಸಳೆ ಕಟ್ಟಿನ ಹಾಗೆ ಅಂಟಿಕೊಂಡು ಫ್ಲೈಓವರ್ ಹತ್ತಿ ಇಳಿದರು. ಗಾಡಿ ಗರ್ಜಿಸಿತು.

“ಅಂಕಲ್, ನೀವು ಆಕ್ಸಿಲರೇಟರ್ ಒತ್ತಿದೀರ ಅಂತ ತೋರಿಸ್ತಿದೆ!”

“ದೇವರಾಣೆ ಇಲ್ಲ! ನನ್ನ ಕಾಲು ಬ್ರೇಕಲ್ಲಿ ಉಂಟು.”

“ಹಾಗಾದ್ರೆ ಸೆನ್ಸರ್ ಸುಳ್ಳು ಹೇಳ್ತಿದೆ. ಚೇಂಜ್ ಮಾಡಿಸಿಬಿಡಿ,” ಎಂದು ಮಿಥುನ ತೀರ್ಪು ಕೊಟ್ಟು, ಹೇಗೂ ದಾರಿ ಎಂದು ಆಫೀಸಿನ ಬಾಗಿಲಲ್ಲೇ ಇಳಿದುಕೊಂಡ.

ಮೆಕ್ಯಾನಿಕ್ ನಿತಿನನ ಗ್ಯಾರೇಜಿನಲ್ಲಿ ಸೆನ್ಸರ್ ಬದಲಾಯಿತು, ಕೇಬಲ್ಲಿಗೆ ಎಣ್ಣೆ ಬಿತ್ತು, ಗಾಳಿಯ ಪೈಪುಗಳೆಲ್ಲ ಬಿಚ್ಚಿ ತೊಳೆಸಿಕೊಂಡವು. ಆಮೇಲೆ ನಿತಿನ ತಾನೇ ಓಡಿಸಿ ನೋಡುತ್ತೇನೆಂದ. ಬಾಗಿಲು ತೆರೆದವನೇ ಡ್ಯಾಶ್‌ಬೋರ್ಡಿನ ಮೇಲಿದ್ದ ಅಮ್ಮನವರ ಪಟ ಕಂಡು, ಚಪ್ಪಲಿ ಕೆಳಗೇ ಬಿಟ್ಟು, ಕೈಮುಗಿದು ಕೂತ. ಇಳಿಜಾರಿನಲ್ಲಿ ಗಾಡಿ ಬೆಣ್ಣೆಯ ಹಾಗೆ ಜಾರಿತು. ಶೆಟ್ಟರು ಕುಣಿಯುವುದೊಂದು ಬಾಕಿ. ಆದರೆ ವಾಪಸು ಬರುವಾಗ ಅವರು ಸ್ಟೇರಿಂಗ್ ಹಿಡಿದರೋ ಇಲ್ಲವೋ, ಮತ್ತೆ ಗುರ್ರ್!

ಮಾಂತು ಪರೀಕ್ಷೆಗಾಗಿ ತಾವೂ ಚಪ್ಪಲಿ ಕಳಚಿ ಕೂತು ಓಡಿಸಿದರು. ಮೌನ. ಶೆಟ್ಟರು ಓಡಿಸಿದರು. ಗರ್ಜನೆ.

“ಶೇಠ್, ಗಾಡಿ ಏಕದಮ್ ಮಸ್ತ್ ಆಹೆ,” ಎಂದು ನಿತಿನ ಕೈ ಒರೆಸಿಕೊಂಡ.

ಮಾಂತು ಅದನ್ನು ಬಿಡಿಸಿ ಹೇಳಿದರು: “ಗಾಡ್ಯಾಗ ದೋಷ ಇಲ್ರಿ ಶೆಟ್ರ. ದೋಷ ನಿಮ್ಮೊಳಗ ಅದ. ಅಮ್ಮನವರು ಭಾಳ ಸಿಟ್ಟಾಗ್ಯಾರ.”

ಪೋಹೆಯ ವಿಷಯ ಅಮ್ಮನವರಿಗೆ ಗೊತ್ತಾಯಿತೇನೋ ಎಂದು ಶೆಟ್ಟರು ಬೆವರಿದರು.

ಮಧ್ಯಾಹ್ನ ಖಡಕಿಯ ಒಂದು ನಾಮಕರಣಕ್ಕೆ ಊಟ ತಲುಪಿಸಬೇಕಿತ್ತು. ಅಲ್ಲಿ ಸಾಂಬಾರಿನ ಪಾತ್ರೆ ಇಳಿಸುವಾಗ ಅರ್ಧ ಸೌಟು ಸಾಂಬಾರು ಬಲಗಾಲಿನ ಬೂಟಿನ ಮೇಲೆ ಚೆಲ್ಲಿತು. ಶೆಟ್ಟರ ಜೀವ ಬಾಯಿಗೆ ಬಂತು. ಅದು ಬರೇ ಬೂಟಲ್ಲ. ಮದುವೆಯ ವಾರ್ಷಿಕೋತ್ಸವಕ್ಕೆ ಹೋದ ವಾರ ಜ್ಯೋತ್ಸ್ನಾ ಕೊಟ್ಟದ್ದು. ಅದಕ್ಕೆ ಸ್ವಲ್ಪ ಮೊದಲು ಯಾವುದೋ ಮದುವೆಯಲ್ಲಿ ರಬ್ಬರ್ ಚಪ್ಪಲಿಯ ಶೆಟ್ಟರನ್ನು ಯಾರೋ ಡ್ರೈವರ್ ಎಂದು ಕರೆದು ಊಟಕ್ಕೆ ಹಿಂದೆ ಕೂರಿಸಿದ್ದರು. ಅವರು ಸುಮ್ಮನೆ ಉಂಡು ಬಂದರು. ಜ್ಯೋತ್ಸ್ನಾ ಮನೆಗೆ ಬಂದು ಅತ್ತರು, ಮರುದಿನವೇ ಅಂಗಡಿ ಅಂಗಡಿ ಸುತ್ತಿ ದೋಣಿಯಂಥ ಬಿಳಿಯ ಬೂಟು ತಂದರು. “ಗಾಡಿಯಲ್ಲಿ ಅಮ್ಮನವರ ಪಟ ಉಂಟಲ್ಲ ಮಾರಾಯ್ತಿ,” ಎಂದು ಶೆಟ್ಟರು ರಾಗ ಎಳೆದರೆ, “ನಾನು ಪ್ರೀತಿಯಲ್ಲಿ ಕೊಟ್ಟದ್ದಕ್ಕೆ ಅಮ್ಮನವರು ಬೇಡ ಹೇಳೂದಿಲ್ಲ” ಎಂದು ಬಾಯಿ ಮುಚ್ಚಿಸಿದ್ದರು.

ಶೆಟ್ಟರು ಬೂಟು ತೊಳೆದು, ಒಣಗಲೆಂದು ಪಕ್ಕದ ಸೀಟಿನ ಮೇಲಿಟ್ಟು, ಬರಿಗಾಲಲ್ಲಿ ಹೊರಟರು. ಮೊದಲ ಇಳಿಜಾರು ಬಂತು. ಕ್ಲಚ್ ಒತ್ತಿದರು, ಬ್ರೇಕಿನ ಮೇಲೆ ಕಾಲಿಟ್ಟರು. ಶಬ್ದವಿಲ್ಲ! ಇನ್ನೊಂದು ಇಳಿಜಾರು. ಇಲ್ಲ! ಶೆಟ್ಟರು ಗಾಡಿ ಬದಿಗೆ ಹಾಕಿ, ಒದ್ದೆ ಬೂಟನ್ನೇ ತೊಟ್ಟು, ಬಗ್ಗಿ ನೋಡಿದರು. ಬ್ರೇಕಿನ ಮೇಲಿಟ್ಟ ಬೂಟಿನ ಅಗಲ ಅಂಚು ಪಕ್ಕದ ಆಕ್ಸಿಲರೇಟರನ್ನೂ ಮೆತ್ತಗೆ ಅದುಮುತ್ತಿತ್ತು. ಮಿಥುನನ ಡಬ್ಬಿ ನಿಜವನ್ನೇ ಹೇಳಿತ್ತು, ಪಾಪ.

ಆದರೆ ಇದನ್ನು ಜ್ಯೋತ್ಸ್ನಾಗೆ ಹೇಳುವುದು ಹೇಗೆ? ಮದುವೆಯಿಂದ ಬಂದ ದಿನದ ಅವರ ಅಳು ಮುಖ ಶೆಟ್ಟರಿಗೆ ನೆನಪಾಯಿತು. ಹೇಳುವುದು ಬೇಡ, ಗಾಡಿ ಹತ್ತುವಾಗ ಬೂಟು ಬಿಚ್ಚಿಟ್ಟರಾಯಿತು ಎಂದು ತೀರ್ಮಾನಿಸಿದರು.

ಸಂಜೆ ಹೆಂಡತಿಯನ್ನು ಕೂರಿಸಿಕೊಂಡು, ಬರಿಗಾಲಲ್ಲಿ ಫ್ಲೈಓವರ್ ಇಳಿಸಿದರು. ಗಾಡಿ ಉಸಿರೆತ್ತಲಿಲ್ಲ. ಜ್ಯೋತ್ಸ್ನಾರ ಮುಖ ಅರಳಿತು.

“ಸರಿಯಾಯ್ತಲ್ಲ! ಅರೆ, ಬೂಟೆಲ್ಲಿ?”

“ಅದು... ಅಮ್ಮನವರ ಎದುರು ಬೂಟು ಹಾಕೂದು ಸರಿಯಲ್ಲ ಅಂತ ಬಿಚ್ಚಿದೆ. ಅದಕ್ಕೇ ಶಬ್ದ ನಿಂತದ್ದು ಕಾಣ್ತದೆ.”

ಜ್ಯೋತ್ಸ್ನಾರ ಕಣ್ಣಲ್ಲಿ ನೀರು ಬಂತು. “ತಪ್ಪು ನನ್ನದೇ. ನಾನೇ ಹಾಕಿ ಅಂತ ಹಟ ಮಾಡಿದ್ದು.” ಹಾಗೆಂದವರೇ ಕೈಮುಗಿದು, ಪಟವನ್ನು ಕಿತ್ತು ಸೆರಗಿನಲ್ಲಿ ಸುತ್ತಿಕೊಂಡರು. “ಅಮ್ಮನವರು ಇನ್ನು ಹೋಟೆಲಿನ ಗಲ್ಲಾದ ಮೇಲೆ ಇರ್ಲಿ. ಈಗ ನೀವು ಧೈರ್ಯವಾಗಿ ಬೂಟು ಹಾಕಿ.”

“ಈಗ ಬೇಡ ಮಾರಾಯ್ತಿ, ಒದ್ದೆ ಉಂಟು.”

ಜ್ಯೋತ್ಸ್ನಾ ಸೀಟಿನಡಿಯ ಬೂಟನ್ನು ಎಳೆದು ಮುಟ್ಟಿ ನೋಡಿದರು. “ಒಣಗಿದೆ. ಹಾಕಿ ಅಂದೆ.”

ಶೆಟ್ಟರು ಹಾಕಿದರು. ಮುಂದಿನ ಇಳಿಜಾರಿನಲ್ಲಿ ಕಾಲನ್ನು ಎಷ್ಟು ಓರೆ ಮಾಡಿದರೂ ದೋಣಿ ದೋಣಿಯೇ. ಗಾಡಿ ವಾರದ ಸಿಟ್ಟನ್ನೆಲ್ಲ ಸೇರಿಸಿ ಗರ್ಜಿಸಿತು. ಜ್ಯೋತ್ಸ್ನಾ ಅಲ್ಲೇ ತಮ್ಮನಿಗೆ ಫೋನ್ ಮಾಡಿದರು.

ಮರುದಿನ ನಸುಕಿನಲ್ಲಿ ಶೆಟ್ಟರು ಬಿಳಿಯ ಬೂಟು ತೊಟ್ಟು, ಅಮ್ಮನವರ ಪಟದ ಕೆಳಗೆ, ಗಲ್ಲಾದಲ್ಲಿ ಕೂತಿದ್ದರು. ಹೊರಗೆ ರಿತೇಶ ಗಾಡಿಯನ್ನು ಬೀದಿ ಕೊನೆಯ ಫ್ಲೈಓವರಿನ ಇಳಿಜಾರಿಗೆ ಬಿಟ್ಟ. ಒಂದು ಚೂರೂ ಸದ್ದಿಲ್ಲ.

“ನೋಡಿ, ನನ್ನ ತಮ್ಮನ ಕೈಗುಣ!” ಎಂದು ಜ್ಯೋತ್ಸ್ನಾ ಕಾಫಿ ತಂದಿಟ್ಟರು. “ಹಾಂ, ಹೇಳಲಿಕ್ಕೆ ಮರೆತೆ. ನಿಮಗೆ ಹೇಗೂ ಬೂಟು ಉಂಟಲ್ಲ, ನಿಮ್ಮ ಆ ಹಳೆ ರಬ್ಬರ್ ಚಪ್ಪಲಿ ರಿತೇಶನಿಗೆ ಕೊಟ್ಟೆ. ಅವನ ಕಾಲಿಗೆ ಸರೀ ಆಯ್ತು.”