ಸಡ್ಡಕನ ಸ್ಕಾಟ್ಲೆಂಡು

ಹೆಂಡತಿಯ ತಂಗಿಯ ಗಂಡ ಸಮುದ್ರದಲ್ಲಿ ಮುಳುಗಿಹೋಗಲಿ ಎಂದು ಯಾದಗಿರಿಯ ಭಾಗಣ್ಣ ಯಾವ ದೇವರಿಗೂ ಹರಕೆ ಹೊತ್ತವನಲ್ಲ. (ಸ್ವಲ್ಪ ನೆನೆದು ಬಂದರೆ ಸಾಕು ಎಂದು ಒಂದೆರಡು ಸಲ ಅಂದುಕೊಂಡದ್ದುಂಟು, ಅದನ್ನು ಹರಕೆ ಎನ್ನಲಾಗದು.) ಆದರೆ ಆ ಸಡ್ಡಕ, ಸುರಪುರದ ಮರಿಲಿಂಗಪ್ಪ, ನೆನೆಯಲೂ ಇಲ್ಲ. ಬರುವಾಗ ಮೈಮೇಲೊಂದು ಉಣ್ಣೆಯ ಕೋಟು, ಕಂಕುಳಲ್ಲೊಂದು ಬಣ್ಣದ ತಗಡಿನ ಡಬ್ಬಿ, ಬಾಯಿತುಂಬ ಸ್ಕಾಟ್ಲೆಂಡು ಹೊತ್ತುಕೊಂಡು ಬಂದ. ಚೈತ್ರದ ಬಿಸಿಲಿಗೆ ಸುರಪುರದ ಗುಡ್ಡದ ಕಲ್ಲು ಕಾದು ಕೆಂಡವಾಗಿದ್ದಾಗಲೂ ಕೋಟು ಬಿಚ್ಚಲಿಲ್ಲ. ಕೋಟಾದರೂ ಹೋಗಲಿ, ಬಾಯಿ ಮುಚ್ಚಲಿಲ್ಲ.

ಅವನನ್ನು ಕಳಿಸಿದವನು ಭಾಗಣ್ಣನೇ ಎಂಬುದು ಇದರಲ್ಲಿನ ದೊಡ್ಡ ಸಂಕಟ. ಯಾದಗಿರಿಯ ಹತ್ತಿ ಬಿಡಿಸುವ ಜಿನ್ನಿನ ಕಾರ್ಖಾನೆಯಲ್ಲಿ ಸ್ಕಾಟ್ಲೆಂಡಿನ ಸಾಹೇಬನೊಬ್ಬನಿದ್ದ. ಭೀಮಾ ನದಿಯಲ್ಲಿ ಹರಿಗೋಲು ಹಾಕುವ, ಮೀನು ಮಾರುವ ಭಾಗಣ್ಣ ಅವನ ಬಂಗಲೆಗೂ ಮೀನು ಕೊಡುತ್ತಿದ್ದ. ಸಾಹೇಬ ಒಂದು ಚಳಿಗಾಲಕ್ಕೆ ರಜೆ ಹಾಕಿ ತನ್ನೂರಿಗೆ ಹೊರಟಾಗ ಜೊತೆಗೆ ನಂಬಿಕೆಯ ಆಳು ಬೇಕಾಗಿ ಮೊದಲು ಕೇಳಿದ್ದು ಭಾಗಣ್ಣನನ್ನೇ. ಭೀಮೆ ಸೊಕ್ಕಿ ಹರಿಯುವಾಗ ನಗುತ್ತ ಹರಿಗೋಲು ತಿರುಗಿಸುವ ಈ ಶೂರನಿಗೆ ಸಮುದ್ರ ಎಂದೊಡನೆ ಅಂಗಾಲು ತಣ್ಣಗಾಯಿತು. ಹೆಂಡತಿ ಬಿಡುವುದಿಲ್ಲ ಎಂದು ನೆಪ ಹೇಳಿ (ಹೆಂಡತಿಯನ್ನು ಕೇಳಿಯೇ ಇರಲಿಲ್ಲ), ಸುರಪುರದಲ್ಲಿ ಕೆಲಸವಿಲ್ಲದೆ ಕೂತಿದ್ದ ಸಡ್ಡಕನ ಹೆಸರು ಕೊಟ್ಟ. ಉಪಕಾರ ಮಾಡಿದ ಪುಣ್ಯವೂ ಬಂತು, ಒಂದು ಹಬ್ಬದಲ್ಲಾದರೂ ಅವನ ಮುಖ ನೋಡುವುದೂ ತಪ್ಪಿತು ಎಂಬ ಲೆಕ್ಕಾಚಾರ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದೆಂದರೆ ಇದೇ.

ಆ ಕಲ್ಲು ಬಿದ್ದದ್ದು ಯುಗಾದಿಯ ಮರುದಿನ, ಶಹಾಪುರದ ಮಾವ ದ್ಯಾವಪ್ಪನ ಮನೆಯಲ್ಲಿ. ಆ ಮನೆಯ ಪಡಸಾಲೆಯಲ್ಲೊಂದು ಕಂಬ, ಕಂಬದ ಬುಡಕ್ಕೊಂದು ಮಣೆ. ಹಬ್ಬದ ಮರುದಿನ ಕರಿ, ಕರಿಯೆಂದರೆ ಕುರಿ. ಆ ದಿನ ಹಿರಿಯ ಅಳಿಯ ಕಂಬಕ್ಕೆ ಬೆನ್ನು ಕೊಟ್ಟು ಆ ಮಣೆಯ ಮೇಲೆ ಕೂಡಬೇಕು, ಗಡಿಗೆಯ ಮೊದಲ ಸೌಟು ಅವನ ತಾಟಿಗೇ ಬೀಳಬೇಕು, ಅವನು ತುತ್ತು ಎತ್ತಿದ ಮೇಲೆ ಉಳಿದವರು ಎತ್ತಬೇಕು. ನಿಜಾಮ ಸರಕಾರಕ್ಕೆ ಹೈದರಾಬಾದಿನ ಗಾದಿ ಹೇಗೋ ಭಾಗಣ್ಣನಿಗೆ ಶಹಾಪುರದ ಈ ಮಣೆ ಹಾಗೆ. ಮದುವೆಯಾದಂದಿನಿಂದ ಅದರ ಮೇಲೆ ಬೇರೆಯವರ ನೆರಳು ಬೀಳಗೊಟ್ಟವನಲ್ಲ. ಆ ಯುಗಾದಿಗೆ ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ಮಣೆಯ ಮೇಲೆ ಉಣ್ಣೆಯ ಕೋಟು ಕೂತುಬಿಟ್ಟಿತ್ತು. ಕೋಟಿನೊಳಗೆ ಮರಿಲಿಂಗಪ್ಪ.

"ಭಾಗಣ್ಣ, ನೀ ಇವತ್ತೊಂದಿನ ಬಾಗಲಕಡಿ ಕೂಡಪ್ಪ," ಎಂದಳು ಅತ್ತೆ ತಿಮ್ಮವ್ವ. "ಮರಿಲಿಂಗ ಸಮುದ್ರ ದಾಟಿ ಬಂದಾನ. ಬೆನ್ನಿಗೊಂದು ಆಸರ ಬೇಕು."

ಸಮುದ್ರ ದಾಟಿದ್ದು ಹಡಗು, ಬೆನ್ನು ಯಾಕೆ ನೋಯಬೇಕು ಎಂದು ಕೇಳಬೇಕೆನಿಸಿದರೂ ಭಾಗಣ್ಣ ಬಾಗಿಲಕಡೆ ಕೂತ. ಕೂತವನ ಹೊಟ್ಟೆಯೊಳಗೆ ಯಾರೋ ಒಲೆ ಹೊತ್ತಿಸಿದಂತಾಯಿತು. ಹೊಟ್ಟೆಕಿಚ್ಚು ಎಂದು ಹಿರಿಯರು ಸುಮ್ಮನೆ ಹೆಸರಿಟ್ಟಿಲ್ಲ.

ಆ ದಿನ ಎಲ್ಲರೂ ಉಂಡದ್ದು ಶಹಾಪುರದ ಕುರಿಯನ್ನು, ಕೇಳಿದ್ದು ಸ್ಕಾಟ್ಲೆಂಡಿನ ಊಟವನ್ನು. ಅಲ್ಲಿ ಬೆಳಿಗ್ಗೆದ್ದರೆ ಓಟ್ಸ್ ಎಂಬ ಕಾಳಿನ ಗಂಜಿಯಂತೆ, ಅದಕ್ಕೆ ಉಪ್ಪು ಹಾಕಿ ನಿಂತುಕೊಂಡೇ ಉಣ್ಣುತ್ತಾರಂತೆ. ಉಳಿದ ಗಂಜಿಯನ್ನು ಮೇಜಿನ ಖಾನೆಯಲ್ಲಿ ಸುರಿದಿಟ್ಟು, ಗಟ್ಟಿಯಾದ ಮೇಲೆ ಚಾಕುವಿನಿಂದ ಕೊಯ್ದು, ಜೇಬಿನಲ್ಲಿಟ್ಟುಕೊಂಡು ಹೊಲಕ್ಕೆ ಹೋಗುತ್ತಿದ್ದರಂತೆ. ಅದೇ ಕಾಳಿನ ರೊಟ್ಟಿ ನಮ್ಮ ಖಡಕ್ ರೊಟ್ಟಿಯ ಹಾಗೆ ಮುರಿಯುತ್ತದಂತೆ. ಮೀನಿಗೆ ಹೊಗೆ ಕೊಟ್ಟು ಬಂಗಾರದ ಬಣ್ಣ ಬರಿಸುತ್ತಾರಂತೆ. ಅಂಥ ಮೀನು ಭೀಮೆಯಲ್ಲಿ ಹುಟ್ಟಿಯೇ ಇಲ್ಲವಂತೆ. (ಮೀನು ಮಾರುವವನೊಬ್ಬ ಬಾಗಿಲಲ್ಲಿ ಕೂತಿದ್ದಾನೆಂಬ ಖಬರಾದರೂ ಬೇಡವೆ?) ಇನ್ನು ಜವೆಗೋಧಿಯಿಂದ ಇಳಿಸಿದ ದಾರು. ಅದನ್ನು ಮರದ ಪೀಪಾಯಿಯಲ್ಲಿ ತುಂಬಿ ವರ್ಷಗಟ್ಟಲೆ ಮುಟ್ಟದೆ ಇಡುತ್ತಾರಂತೆ, ಆಮೇಲೆ ಬೆರಳಗಲ ಕುಡಿದು ಕಣ್ಣು ಮುಚ್ಚುತ್ತಾರಂತೆ. ಬೆಳಗಿನ ಸಿಂದಿಯನ್ನು ಮಧ್ಯಾಹ್ನದ ತನಕ ಉಳಿಸಿದ ದಾಖಲೆಯಿಲ್ಲದ ಮಾವ ದ್ಯಾವಪ್ಪ ಕೈ ಜೋಡಿಸಿಬಿಟ್ಟ. ಮನೆಯಲ್ಲಿ ಇಟ್ಟುಕೊಂಡೂ ವರ್ಷಗಟ್ಟಲೆ ಕುಡಿಯದೆ ಇರುವವರು ಮನುಷ್ಯರಲ್ಲ, ಋಷಿಗಳು ಎಂಬುದು ಅವನ ತೀರ್ಪು.

ಎಲ್ಲಕ್ಕೂ ಮೇಲೆ ಹ್ಯಾಗಿಸ್. ಕುರಿಯ ಕಲೀಜ, ಗುಂಡಿಗೆ, ಪುಪ್ಪುಸ ಸಣ್ಣಗೆ ಕೊಚ್ಚಿ, ಓಟ್ಸು, ಉಳ್ಳಾಗಡ್ಡಿ, ಕೊಬ್ಬು, ಮೆಣಸು ಕಲಸಿ, ಅದೇ ಕುರಿಯ ಹೊಟ್ಟೆಚೀಲದಲ್ಲಿ ಅರ್ಧಕ್ಕೆ ತುಂಬಿ, ಬಾಯಿ ಹೊಲಿದು ಕುದಿಸುವುದು. ಅದನ್ನು ದೊಡ್ಡ ತಟ್ಟೆಯಂಥ ಪರಾತದಲ್ಲಿಟ್ಟು, ಮುಂದೆ ಚರ್ಮದ ಚೀಲದ ವಾದ್ಯ ಊದಿಸುತ್ತ, ಲಂಗ ಉಟ್ಟ ಗಂಡಸರು ಮೆರವಣಿಗೆಯಲ್ಲಿ ತರುತ್ತಾರಂತೆ. ಆಮೇಲೆ ಮನೆಯ ಹಿರಿಯನು ಎದ್ದು ನಿಂತು, ಚೂರಿ ಎತ್ತಿ, ಎಲ್ಲರೆದುರು ಅದಕ್ಕೆ ಇರಿಯುತ್ತಾನಂತೆ. ಮರಿಲಿಂಗಪ್ಪ ಇದನ್ನು ಹೇಳುವಾಗ ಕಣ್ಣು ಮುಚ್ಚಿ, ಮೂಗರಳಿಸಿ, ನಾಲಿಗೆಯಿಂದ ತುಟಿ ಸವರಿಕೊಂಡ. ತಿಮ್ಮವ್ವ ಮೈಮರೆತು ಅವನ ತಾಟಿಗೆ ಇನ್ನೊಂದು ಸೌಟು ಸುರಿದಳು. ಬಾಗಿಲಕಡೆ ಬಂದಾಗ ಗಡಿಗೆಯಲ್ಲಿ ರಸ ಮಾತ್ರ ಇತ್ತು. "ಅವನನ್ನು ಕಳಿಸಿದ್ದೇ ನಾನು" ಎಂದು ಭಾಗಣ್ಣ ಆ ಊಟದಲ್ಲಿ ಮೇಲಿಂದ ಮೇಲೆ ಹೇಳಿನೋಡಿದ, ಕೀರ್ತಿಯ ಒಂದು ಎಲುಬಾದರೂ ತನ್ನ ಕಡೆ ಬಿದ್ದೀತೆಂದು. ಬೀಳಲಿಲ್ಲ.

ಯಾದಗಿರಿಗೆ ಮರಳುವಾಗ ಗಾಡಿಯಲ್ಲಿ ಗಂಡನಿಗಿಂತ ಹೆಂಡತಿಯ ಉಸಿರು ಬಿಸಿಯಾಗಿತ್ತು. ಮೌನಮ್ಮ ಎಂದು ಹೆಸರಿಟ್ಟ ಹಿರಿಯರು ಮುಂದಾಲೋಚನೆ ಮಾಡಿರಲಿಲ್ಲ. ಆಕೆ ಭೀಮೆ ದಾಟುವ ತನಕ ತಂಗಿ ಪಾರ್ವತೆಮ್ಮನ ತಗಡಿನ ಡಬ್ಬಿಯನ್ನೇ ಬೈದಳು. ಲಂಗ ಉಟ್ಟ ಗಂಡಸಿನ ಚಿತ್ರವಿದ್ದ ಆ ಡಬ್ಬಿಯಲ್ಲಿ ಪಾರ್ವತೆಮ್ಮ ಎಲೆಯಡಿಕೆ ಇಟ್ಟುಕೊಂಡು, ಅಕ್ಕನಿಗೆ ಅಡಿಕೆ ಕೊಡುವಾಗಲೂ ಡಬ್ಬಿ ಕೈಗೆ ಕೊಡದೆ ತಾನೇ ತೆಗೆದುಕೊಟ್ಟಿದ್ದಳು.

"ಬೋಟಿ ಉಂಡು ಬಂದದ್ದಕ್ಕ ಇಷ್ಟು ಸೊಕ್ಕೇನ್ರಿ?" ಎಂದಳು. "ನಮ್ಮನ್ಯಾಗ ಬೋಟಿ ಮಾಡಲ್ಲೇನು?"

ಭಾಗಣ್ಣನ ತಲೆಯಲ್ಲಿ ದೀಪ ಹತ್ತಿದ್ದು ಆಗ. ಹೌದಲ್ಲ, ಅದು ಕುರಿಯ ಕರುಳು-ಕಲೀಜದ ನಮ್ಮ ಬೋಟಿಯೇ, ಚೀಲ ತೊಟ್ಟ ಬೋಟಿ. ಬರುವ ಕಾರಹುಣ್ಣಿವೆಯ ಕರಿಗೆ ಮಾವನ ಮನೆಯವರನ್ನೆಲ್ಲ ಯಾದಗಿರಿಗೆ ಕರೆದು, ಸಮುದ್ರ ದಾಟದೆಯೇ ಒಂದು ಹ್ಯಾಗಿಸ್ ಮಾಡಿ ಮುಂದಿಟ್ಟರೆ? ಅತ್ತೆ ಒಂದು ತುತ್ತು ತಿಂದು, ಅಯ್ಯ, ಇದೇನು ನಮ್ಮ ಬೋಟಿ-ನುಚ್ಚು, ಇದಕ್ಕಾಗಿ ನಾನು ಹಿರಿಯ ಅಳಿಯನನ್ನು ಬಾಗಿಲಿಗೆ ತಳ್ಳಿದೆನಲ್ಲ ಎಂದು ಹಣೆ ಬಡಿದುಕೊಂಡರೆ? ಮಣೆ ಮರಳಿ ಬರಲು ಇಷ್ಟು ಸಾಕು. ಗಂಡಹೆಂಡತಿ ಒಂದೇ ಮಾತಿಗೆ ಒಪ್ಪಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಕಾರಹುಣ್ಣಿವೆಯ ಮರುದಿನ ಬೆಳಿಗ್ಗೆ ಕಸಾಯಿ ಖಾಜಾಹುಸೇನ ಬಂದು ಕುರಿ ಕೊಯ್ದು, ಹೊಟ್ಟೆಚೀಲ ತೂತಾಗದಂತೆ ತೆಗೆದುಕೊಟ್ಟ. ಓಟ್ಸು ಯಾದಗಿರಿಯ ಬಜಾರಿನಲ್ಲಿ ಸಿಗಲಿಲ್ಲ. ಅದರ ಅಪ್ಪನಂಥ ಜೋಳದ ನುಚ್ಚು ಮನೆಯಲ್ಲೇ ಇತ್ತು. ಬರಿಯ ಉಪ್ಪು-ಮೆಣಸಿನ ಪದಾರ್ಥ ಜ್ವರ ಬಂದವರಿಗೆ ಎಂದು ಮೌನಮ್ಮ ಖಾರ, ಬೆಳ್ಳುಳ್ಳಿ, ಮಸಾಲೆ ಕೈತುಂಬ ಹಾಕಿದಳು. ಕಲಸಿದ್ದು ಘಮ್ಮೆಂದಿತು. ತುಂಬುವಾಗ ಒಂದು ಸಣ್ಣ ಚರ್ಚೆ ನಡೆಯಿತು. ಚೀಲ ಅರ್ಧಕ್ಕೇ ತುಂಬಬೇಕೆಂದು ಮರಿಲಿಂಗಪ್ಪ ಹೇಳಿದ್ದು ಭಾಗಣ್ಣನಿಗೆ ನೆನಪಿತ್ತು.

"ಅರ್ಧ?" ಮೌನಮ್ಮ ಕೈ ಸೊಂಟಕ್ಕಿಟ್ಟಳು. "ತವರವರಿಗಿ ಅರ್ಧ ತುಂಬಿದ್ದು ಇಟ್ಟರ ನಾಳಿ ಊರಾಗ ತಲಿ ಎತ್ತಿ ತಿರಗ್ಲೇನು? ಉಡಿ ತುಂಬಿದರ ಅರ್ಧ ತುಂಬ್ತಾರೇನ್ರಿ? ಕೊಡ ತಂದರ ಅರ್ಧ ತರ್ತಾರೇನ್ರಿ?"

ಮಾತು ಶಾಸ್ತ್ರಸಮ್ಮತವಾಗಿತ್ತು. ಅರ್ಧ ತುಂಬುವುದು ಬಿಳಿಯರ ಕಂಜೂಸಿತನವೆಂದು ಇಬ್ಬರೂ ತೀರ್ಮಾನಿಸಿ, ಅಳಿಯತನದ ಮಾನವನ್ನೆಲ್ಲ ಸೇರಿಸಿ, ಚೀಲವನ್ನು ಹೆಬ್ಬೆರಳಿನಿಂದ ತುರುಕಿ ತುರುಕಿ ತುಂಬಿದರು. ಇನ್ನು ಹೊಲಿಗೆ. ಬಲೆ ಹೊಲಿಯುವವನ ಮಗ ಭಾಗಣ್ಣ. ಬಲೆಯ ದಾರ ತಂದು, ದೊಡ್ಡ ಬಾಳೆಮೀನು ಜಗ್ಗಿದರೂ ಬಿಚ್ಚದ ಗಂಟುಗಳನ್ನು ಒಂದರ ಮೇಲೊಂದು ಹಾಕಿದ. ನೀರಿರಲಿ, ಗಾಳಿಯೂ ಆಚೆ ಹೋಗುವಂತಿರಲಿಲ್ಲ. ಹಂಡೆಯಲ್ಲಿ ಕುದಿಯಹತ್ತಿದಾಗ ಒಳಗಿನ ನುಚ್ಚು ಅರಳುತ್ತ ಹೋಯಿತು, ಚೀಲ ಉಬ್ಬುತ್ತ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅದು ಕುಸ್ತಿ ಪೈಲವಾನನ ತೋಳಿನ ಹಾಗೆ ಬಿಗಿದು ಮಿರಿಮಿರಿ ಮಿಂಚುತ್ತಿತ್ತು. ಇಂಥ ದಷ್ಟಪುಷ್ಟ ಹ್ಯಾಗಿಸ್ ಸ್ಕಾಟ್ಲೆಂಡಿನ ರಾಜನೂ ಕಂಡಿರಲಾರನೆಂದು ಭಾಗಣ್ಣನಿಗೆ ಕಣ್ಣು ತುಂಬಿ ಬಂತು.

ನೆಂಟರು ಬಂದರು. ಅಡಿಗೆಮನೆಯಲ್ಲೇ ಸುತ್ತಲೂ ಕೂತರು. ತಿಮ್ಮವ್ವ ಹೊಸ ಇಳಕಲ್ ಸೀರೆಯಲ್ಲಿ, ದ್ಯಾವಪ್ಪ ಬಿಳಿ ರುಮಾಲಿನಲ್ಲಿ, ಮರಿಲಿಂಗಪ್ಪ ಕೋಟಿನಲ್ಲಿ. ಭಾಗಣ್ಣ ಪರಾತವನ್ನು ನಡುವೆ ಇಟ್ಟು, ಸ್ಕಾಟ್ಲೆಂಡು ಏನೂ ದೂರವಿಲ್ಲ, ಮನಸ್ಸು ಮಾಡಿದರೆ ಭೀಮೆಯ ದಂಡೆಯಲ್ಲೇ ಇದೆ ಎಂದು ಒಂದು ಸಣ್ಣ ಭಾಷಣ ಮಾಡಿದ. ಮರಿಲಿಂಗಪ್ಪನ ಮುಖ ಬಿಳಿಚಿಕೊಂಡಿತು. ಅವನು ಚೀಲವನ್ನೇ ನೋಡುತ್ತಿದ್ದ.

"ಅಣ್ಣಾರ, ಭಾಳ ಬಿಗದದ. ಸ್ವಲ್ಪ ಆರಲಿ," ಎಂದ.

ಸೋಲುವವನು ವಾಯಿದೆ ಕೇಳುತ್ತಾನೆ ಎಂದುಕೊಂಡ ಭಾಗಣ್ಣ. ಮೀನು ಕೊಯ್ಯುವ ಚೂರಿಯನ್ನು ತಲೆಯ ಮೇಲಕ್ಕೆತ್ತಿ, ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಇರಿದ.

ಆಮೇಲೆ ಆದದ್ದನ್ನು ಓಣಿಯವರು ತೋಪು ಹಾರಿತೆಂದು ವರ್ಣಿಸಿದರು. ಮೊದಲ ಪಾಲು ಭಾಗಣ್ಣನ ಮೀಸೆಗೆ, ಎರಡನೆಯದು ಮಾವನ ರುಮಾಲಿಗೆ, ಉಳಿದದ್ದು ಭೇದವಿಲ್ಲದೆ ಇಳಕಲ್ ಸೀರೆಗೆ, ಗೋಡೆಗೆ, ಪಾತ್ರೆಗಳಿಗೆ ಹಂಚಿಹೋಯಿತು. ಚೀಲದ ಒಂದು ದೊಡ್ಡ ತುಂಡು, ಒಳಗಿನ ಸರಕಿನೊಂದಿಗೇ, ಮೇಲೆ ಹಾರಿ ಪಾತ್ರೆ ಇಡುವ ನಾಗೊಂದಿಯ ಮೇಲೆ ಕೂತಿತು. ಪರಾತದಲ್ಲಿ ಉಳಿದದ್ದು ನಡುವಿನ ಒಂದು ದಿಬ್ಬ. ಎಲ್ಲರೂ ಹಿಂದೆ ಸರಿದರು.

ಮರಿಲಿಂಗಪ್ಪ ಮಾತ್ರ ಮುಂದೆ ಬಾಗಿದ. ಪರಾತದಿಂದ ಒಂದು ತುತ್ತು ತೆಗೆದು ಬಾಯಿಗಿಟ್ಟ. ಮತ್ತೊಂದು ಇಟ್ಟ. ಆಮೇಲೆ ಎರಡೂ ಕೈಯಿಂದ ಉಣ್ಣತೊಡಗಿದ. ನೋಡುತ್ತಿದ್ದಂತೆ ಅವನ ಕಣ್ಣಿಂದ ದಳದಳ ನೀರು ಇಳಿಯಿತು.

"ಖಾರಾತೇನೋ?" ಎಂದಳು ತಿಮ್ಮವ್ವ.

"ಇಲ್ಲ ಅತ್ತಿ," ಎಂದ ಅವನು. "ಅಲ್ಲಿ ಇದನ್ನ ಹೊತ್ತು ಮೇಜಿನ ಮ್ಯಾಲ ಇಡಾಂವ ನಾನ. ಒಂದು ತುತ್ತು ಬಾಯಾಗ ಹೋಗಲಿಲ್ಲ. ಉಳದದ್ದು ಸಾಹೇಬನ ನಾಯಿಗಿ ಹೋಗ್ತಿತ್ತು. ನನಗ ಕುದಿಸಿದ ಬಟಾಟಿ, ಉಪ್ಪು."

"ಮತ್ತ ಆ ಗಂಜಿ, ಆ ಮೀನ, ಆ ದಾರು?" ಭಾಗಣ್ಣ ಮೀಸೆಯ ನುಚ್ಚನ್ನೂ ಒರೆಸಿಕೊಳ್ಳದೆ ಕೇಳಿದ.

"ಎಲ್ಲಾ ವಾಸನಿಲೇ ಹೇಳಿದ್ದು ಅಣ್ಣಾರ. ಬಾಗಲ ಮರಿಗಿ ನಿಂತು ವಾಸನಿ ನೋಡ್ತಿದ್ದೆ, ಬಟಾಟಿ ತಿಂತಿದ್ದೆ."

ಭಾಗಣ್ಣನಿಗೆ ಆ ಕ್ಷಣ ಸಿಕ್ಕ ಸುಖ ಬಾದಶಹನಿಗೂ ಸಿಕ್ಕಿರಲಾರದು. ಗೋಡೆ ಹಾಳಾದರೆ ಹಾಳಾಗಲಿ, ಸೀರೆ ಹೋದರೆ ಹೋಗಲಿ. ಮಣೆ ಬಂತು.

"ಕೇಳಿದ್ರ್ಯಾ ಮಾವಾರ," ಎಂದ ಎದೆ ಸೆಟೆಸಿ. "ಸ್ಕಾಟ್ಲೆಂಡಿಗಿ ಹೋಗಿ ಬರೇ ಬಟಾಟಿ ತಿಂದು ಬಂದಾನ. ಇಷ್ಟು ದಿನ ಹೇಳಿದ್ದೆಲ್ಲಾ ಝೂಟ."

ಎಲ್ಲರೂ ನಗುತ್ತಾರೆಂದು ಕಾದ. ಯಾರೂ ನಗಲಿಲ್ಲ. ತಿಮ್ಮವ್ವ ಬೋಟಿ ಮೆತ್ತಿದ ಸೆರಗನ್ನೇ ಬಾಯಿಗೊತ್ತಿಕೊಂಡು ಅಳಹತ್ತಿದಳು.

"ನನ್ನ ಕೂಸು ಒಂದು ಚಳಿಗಾಲ ಪೂರಾ ಉಪಾಸ ಬಿದ್ದದ. ನಮಗ ನೋವಾಗಬಾರದಂತ ಉಂಡೇನಿ, ಉಂಡೇನಿ ಅಂತ ಹೇಳಕೋತ ಬಂದದ. ಎಂಥಾ ಕರುಳು ನೋಡ್ರಿ ಅಂವಂದು."

ದ್ಯಾವಪ್ಪ ರುಮಾಲು ತೆಗೆದು ಕೆಳಗಿಟ್ಟ. "ಇವನ್ನ ಅಲ್ಲಿಗಿ ಕಳಿಸಿದಾಂವ ಯಾರು?" ಎಂದು ಗಂಟಲು ಗಟ್ಟಿ ಮಾಡಿ ಕೇಳಿದ. ಹೆಸರಿಗಾದರೂ ಮೌನಮ್ಮ ಆ ಒಂದು ಗಳಿಗೆ ಸುಮ್ಮನಿರಬಹುದಿತ್ತು. ಆದರೆ ತಂಗಿಯ ಗಂಡನ ಕಣ್ಣೀರು ಕಂಡು ಅವಳ ಹೊಟ್ಟೆಕಿಚ್ಚೂ ಆರಿಹೋಗಿತ್ತು. "ನಮ್ಮವ್ರ ಕಳಸ್ಯಾರಲ್ಲ," ಎಂದುಬಿಟ್ಟಳು. ಅಲ್ಲಗಳೆಯುವುದಕ್ಕೆ ಭಾಗಣ್ಣನಿಗೆ ದಾರಿಯೇ ಇರಲಿಲ್ಲ. ಯುಗಾದಿಯ ಊಟದಲ್ಲಿ ಅದನ್ನು ಸಾರಿದವನು ತಾನೇ.

ತಿಮ್ಮವ್ವ ಕಣ್ಣೊರೆಸಿಕೊಂಡು ಫರ್ಮಾನು ಹೊರಡಿಸಿದಳು. "ಇನ್ನ ಮ್ಯಾಲ ಶಹಾಪುರದಾಗ ಕಂಬದ ಮಣಿ ಮರಿಲಿಂಗಂದು. ನಾ ಇರೋತನಕ. ನೀ ಏನಪ್ಪಾ, ದಿನಾ ಮೀನ ಉಂಡಾಂವ."

ರೊಟ್ಟಿ ಬಂದವು. ಪರಾತದ ದಿಬ್ಬದ ಸುತ್ತ ಎಲ್ಲರೂ ಒತ್ತಿಕೊಂಡು ಕೂತು ಉಣ್ಣತೊಡಗಿದರು. ಗಲೀಜು ಮಾಡಿದವನು ಸ್ವಚ್ಛ ಮಾಡಬೇಕೆಂದು ಮೌನಮ್ಮ ಗಂಡನ ಕೈಗೆ ಒದ್ದೆ ಬಟ್ಟೆ ಕೊಟ್ಟು ನಿಚ್ಚಣಿಕೆ ಹತ್ತಿಸಿದಳು. ನಾಗೊಂದಿಯ ಮೇಲೆ, ಬೆಳಗಿಟ್ಟ ಇನ್ನೊಂದು ತಾಮ್ರದ ಪರಾತದೊಳಗೆ, ಆ ದೊಡ್ಡ ತುಂಡು ಇನ್ನೂ ಹಬೆಯಾಡುತ್ತ ಕೂತಿತ್ತು. ಭಾಗಣ್ಣ ಅತ್ತಿತ್ತ ನೋಡಿ ಒಂದು ಬೆರಳು ಅದ್ದಿ ಬಾಯಿಗಿಟ್ಟುಕೊಂಡ. ಕಲೀಜ ನುಚ್ಚಿನಲ್ಲಿ ಕರಗಿ, ಕೊಬ್ಬು ಖಾರದಲ್ಲಿ ಬೆರೆತಿತ್ತು. ಹುಟ್ಟಿದಾರಭ್ಯ ಅಂಥದ್ದನ್ನು ಅವನು ಉಂಡಿರಲಿಲ್ಲ. ಕಂಬದ ಮಣೆ ಹೋದರೇನು, ಇದು ಪೂರಾ ತನಗೊಬ್ಬನಿಗೇ ಇದೆ ಎಂದು ಮನಸ್ಸಿಗೆ ಸ್ವಲ್ಪ ತಂಪಾಯಿತು. ದೊಡ್ಡದೊಂದು ತುತ್ತು ಕಟ್ಟಿ ಬಾಯಿ ತೆರೆದ.

"ಭಾಗಣ್ಣ," ಎಂದಳು ಕೆಳಗಿನಿಂದ ತಿಮ್ಮವ್ವ, "ಮ್ಯಾಲ ಏನರ ಉಳದದೇನಪ್ಪಾ? ಮರಿಲಿಂಗಗ ಇನ್ನೊಂದೀಟು ಬೇಕಂತ."

ಭಾಗಣ್ಣ ಬಾಯಿ ಮುಚ್ಚಿದ. ಕಟ್ಟಿದ ತುತ್ತನ್ನು ಮರಳಿ ಪರಾತಕ್ಕೆ ಹಾಕಿ, "ಉಳದದರಿ ಅತ್ತಿ," ಎಂದು ಎರಡೂ ಕೈಯಿಂದ ಕೆಳಗಿಳಿಸಿಕೊಟ್ಟ.