ಏಳು ಭಾನುವಾರ ಬೆನ್ನು ತೋರಿಸಿದ ಎಕಿಡ್ನಾ ಮಹಾಶಯರಿಗೆ

ಸನ್ಮಾನ್ಯ ಎಕಿಡ್ನಾ ಮಹಾಶಯರೇ,

ಆಸ್ಟ್ರೇಲಿಯಾದಿಂದ ನೈರೋಬಿಯವರೆಗೆ ಬಂದು, ಊರಾಚೆಯ ಈ ಪುಟ್ಟ ಪ್ರಾಣಿಸಂಗ್ರಹಾಲಯದ ಕೊನೆಯ ಗಾಜಿನ ಮನೆಯಲ್ಲಿ ನೆಲೆಸಿ, ಸಿಂಹ ಚಿರತೆಗಳ ನಾಡಿನಲ್ಲೂ ಮೈಮೇಲಿನ ಮುಳ್ಳುಗಳ ಬಲದಿಂದಲೇ ಮರ್ಯಾದೆ ಉಳಿಸಿಕೊಂಡಿರುವ ತಮಗೆ ಇದೇ ಊರಿನ ಕಿಲಿಮಾನಿ ಬಡಾವಣೆಯ ಗಂಗಾಧರ ಮಾಡುವ ನಮಸ್ಕಾರಗಳು. ನಾನು ಕ್ಷೇಮ. ತಾವೂ ಕ್ಷೇಮವೆಂದು ತಮ್ಮ ಬೆನ್ನು ನೋಡಿ ತಿಳಿದುಕೊಂಡೆ, ಏಕೆಂದರೆ ಏಳು ಭಾನುವಾರ ತಾವು ನನಗೆ ತೋರಿಸಿದ್ದು ಅದೊಂದನ್ನೇ.

ನಮ್ಮ ಕನ್ನಡ ಸಂಘ ಪ್ರತಿ ಯುಗಾದಿಗೆ ಒಂದು ಕ್ಯಾಲೆಂಡರ್ ತರುತ್ತದೆ. ತಿಂಗಳಿಗೊಂದರಂತೆ ಸದಸ್ಯರ ಮಕ್ಕಳು ತೆಗೆದ ಫೋಟೊ ಅದರಲ್ಲಿರುತ್ತದೆ. ಈ ೨೦೧೬ರ ಜೂನ್ ತಿಂಗಳು ನನ್ನ ಮಗಳು ಸಮೀಕ್ಷಾಳ ಪಾಲಿಗೆ ಬಂತು. ಹನ್ನೆರಡು ವರ್ಷದ ಇವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಎರಡು ಪದ ಮೀರದಂತೆ. ಗಿಗಿರಿಯ ಆಫೀಸಿನಿಂದ ನಾನು ಮನೆ ಸೇರುವ ಹೊತ್ತಿಗೆ ಆ ಎರಡು ಪದವೂ ಖರ್ಚಾಗಿರುತ್ತವೆ. ಅಂಥವಳು, ಸಿಂಹದ ಫೋಟೊ ಎಲ್ಲರೂ ತೆಗೆಯುತ್ತಾರೆ, ನನಗೆ ಎಕಿಡ್ನಾದ ಮುಖ ಬೇಕು, ನೀನೂ ಬಾ ಎಂದು ಇಂಗ್ಲಿಷಿನಲ್ಲೇ ಕರೆದಾಗ, ನಾನು ಹಿಂದೆಮುಂದೆ ನೋಡದೆ ಹೊಸ ಕ್ಯಾಮೆರಾ ಕೊಂಡುಬಿಟ್ಟೆ.

ಮೊದಲ ಭಾನುವಾರ ತಮ್ಮ ಫಲಕವನ್ನು ಓದಿ ಅಪ್ಪ ಮಗಳಿಬ್ಬರೂ ತಲೆದೂಗಿದೆವು. ಹಾಲೂಡಿಸುವ ವಂಶವಾದರೂ ಮೊಟ್ಟೆ ಇಡುತ್ತೀರಿ. ಹಲ್ಲು ಒಂದೂ ಇಲ್ಲ, ನಾಲಿಗೆ ಮಾತ್ರ ಗೇಣುದ್ದ. ಹಿಂಗಾಲಿನ ಪಾದಗಳು ಹಿಂದಕ್ಕೆ ತಿರುಗಿವೆ. ಪಾದ ಹಿಂದಕ್ಕೆ ತಿರುಗಿದವರಿಗೆ ನಮ್ಮ ಕಡೆ ಬೇರೆಯೇ ಹೆಸರಿದೆ, ಬಹಿರಂಗ ಪತ್ರದಲ್ಲಿ ಬರೆಯುವುದು ಸಭ್ಯತೆಯಲ್ಲ. ಆದರೆ ಮನೆಗೆ ಮರಳುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನನ್ನಜ್ಜಿಯ ದೆವ್ವದ ಕಥೆಗಳನ್ನೆಲ್ಲ ಹೇಳಿದೆ, ಸಮೀಕ್ಷಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕು ವರ್ಷವಾಗಿತ್ತು.

ಫೋಟೊದ ಮಾತಿಗೆ ಬಂದರೆ, ಮೂಲೆಯಲ್ಲಿ ಮುಖ ಹುದುಗಿಸಿ ಕೂರುವ ತಮ್ಮ ನಿಷ್ಠೆ ನಮ್ಮ ಆಫೀಸಿನಲ್ಲಿ ಯಾರಿಗೂ ಇಲ್ಲ. ಮೊದಲ ಫೋಟೊ ನೋಡಿದ ಸಂಘದ ಕಾರ್ಯದರ್ಶಿ ಉಷಾ ಅವರು, 'ಗಂಗಾಧರ್ ಅವ್ರೇ, ಕಾಲೊರಸಿನ ಫೋಟೊ ಯಾಕೆ ಕಳ್ಸಿದೀರಾ?' ಎಂದು ವಾಟ್ಸ್ಆ್ಯಪ್ ಮಾಡಿದರು. ಮೂರನೆಯದಕ್ಕೆ, 'ಇದು ಬೇರೆ ಕಾಲೊರಸಾ?' ಎಂದರು. ತಮ್ಮನ್ನು ನೋಡಿಕೊಳ್ಳುವ ಹಿರಿಯರಾದ ವಂಜಾಲ ಅವರು ವಾರವಾರವೂ ಸ್ವಾಹಿಲಿಯಲ್ಲಿ 'ಪೋಲೆ, ಪೋಲೆ' ಎಂದು ತಮ್ಮ ಪರವಾಗಿ ಕ್ಷಮೆ ಕೇಳಿದರು. ತಾವು ಒಮ್ಮೆಯೂ ಕೇಳಲಿಲ್ಲ.

ಎಂಟನೆಯ ಭಾನುವಾರ ನನ್ನ ಬುದ್ಧಿ ಓಡಿತು. ಅಕ್ಕಿಹಿಟ್ಟಿನಲ್ಲಿ ರಂಗೋಲಿ ಹಾಕಿದರೆ ಇರುವೆಗಳ ಹೊಟ್ಟೆ ತುಂಬುತ್ತದೆ ಎಂದು ನನ್ನ ಹೆಂಡತಿ ಪ್ರಭಾ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲೂ ಬಿಡದೆ ಹಾಕುತ್ತಾಳೆ. ಇರುವೆ ಬಂದರೆ ತಾವು ಬರದೆ ಎಲ್ಲಿಗೆ ಹೋಗುತ್ತೀರಿ ಎಂದುಕೊಂಡು ಅಕ್ಕಿಹಿಟ್ಟಿಗೆ ಬೆಲ್ಲದ ಪುಡಿ ಬೆರೆಸಿ ಒಯ್ದೆ. ಪ್ರಾಣಿಗಳಿಗೆ ತಿನಿಸು ಹಾಕಬಾರದೆಂದು ಫಲಕವಿತ್ತು, ಇರುವೆಯ ಹೆಸರು ಅದರಲ್ಲಿರಲಿಲ್ಲ. ಗಾಜಿನ ಬುಡದಲ್ಲಿ ಎಂಟೆಳೆಯ ರಂಗೋಲಿ ಹಾಕಿ, ಪಕ್ಕದಲ್ಲೇ ಕ್ಯಾಮೆರಾ ಹಿಡಿದು ಬೋರಲಾಗಿ ಮಲಗಿದೆ. ಇರುವೆಗಳು ಬಂದವು, ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚೇ ಬಂದವು. ಗಾಜಿನ ಆಚೆ ತಾವು, ಈಚೆ ಇರುವೆ ಮತ್ತು ನಾನು ಎಂಬುದು ಅವು ಪ್ಯಾಂಟಿನೊಳಗೆ ಮೊಣಕಾಲು ದಾಟಿದ ಮೇಲೆ ಹೊಳೆಯಿತು. ಕ್ಯಾಮೆರಾ ಬಿಸಾಡಿ ನಾನು ಕುಣಿದ ಕುಣಿತಕ್ಕೆ ನೆಲ ಅದುರಿತೋ ಏನೋ, ತಾವು ಮೂತಿ ಎತ್ತಿ, ಗಾಜಿನವರೆಗೆ ನಡೆದು ಬಂದು ನೋಡಿದಿರಿ. ಸಮೀಕ್ಷಾ ತನ್ನ ಅಮ್ಮನ ಹಳೇ ಫೋನಿನಲ್ಲಿ ಒಂದೇ ಒಂದು ಫೋಟೊ ತೆಗೆದಳು.

ತಮ್ಮ ಮುಖ ಅದೆಷ್ಟು ಚೆಂದ, ಮಹಾಶಯರೇ. ಫೋಟೊ ಅಚ್ಚಿಗೆ ಹೋಗಿದೆ, ಉಷಾ ಅವರಿಗೂ ಸಮಾಧಾನ. ನನ್ನ ದೂರು ಇರುವುದೇ ಇಲ್ಲಿ. ಅಂದಿನಿಂದ ಎರಡು ಭಾನುವಾರ ಕಳೆದವು, ಸಮೀಕ್ಷಾ ತನ್ನ ಕೋಣೆಯಲ್ಲಿದ್ದಾಳೆ, ನಾನು ಸೋಫಾದಲ್ಲಿದ್ದೇನೆ, ಎರಡು ಪದದ ಲೆಕ್ಕ ಮತ್ತೆ ಶುರುವಾಗಿದೆ. ಮುಖ ತೋರಿಸಲು ತಮಗೆ ಅಷ್ಟೇನು ಅವಸರವಿತ್ತು? ಆದ್ದರಿಂದ ತಾವು ದಯಮಾಡಿ ಆ ಮುಖವನ್ನು ಹಿಂಪಡೆಯಬೇಕು. ಅದು ಸಾಧ್ಯವಾಗದಿದ್ದರೆ, ಅಂದು ಗಾಜಿನ ಬಳಿ ಬಂದವರು ತಾವಲ್ಲ, ತಮ್ಮ ಸೋದರಮಾವ ಎಂದು ಲಿಖಿತವಾಗಿ ತಿಳಿಸಬೇಕು. ಸಹಿಯ ಬದಲು ಒಂದು ಮುಳ್ಳು ಚುಚ್ಚಿದರೂ ನಡೆದೀತು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಗಂಗಾಧರ
(ಗಾಜಿನ ಈಚೆ ಕುಣಿದವನು)

ತಾ.ಕ.: ಈ ಪತ್ರವನ್ನು ಪ್ರಭಾ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದಳು. ಸಮೀಕ್ಷಾ ತಟ್ಟೆಯಿಂದ ತಲೆ ಎತ್ತಿ, 'ಅಪ್ಪಾ, ಅದರ ಕಾಲು ಫೋಟೊದಲ್ಲಿ ಬಂದೇ ಇಲ್ಲ. ಭಾನುವಾರ ಹೋಗೋಣ್ವಾ?' ಎಂದಳು. ಎಣಿಸಿದೆ, ಎಂಟು ಪದ. ಫೋಟೊ ಒಂದನ್ನು ಬಿಟ್ಟರೆ ಎಲ್ಲವೂ ಕನ್ನಡ. ಆದ್ದರಿಂದ ಮೇಲಿನ ದೂರನ್ನು ಹಿಂತೆಗೆದುಕೊಂಡಿದ್ದೇನೆ. ಬೆನ್ನು ತೋರಿಸುವುದರಲ್ಲಿ ತಮಗಿರುವ ಅಪಾರ ಅನುಭವವನ್ನೆಲ್ಲ ಬಳಸಿ, ಆ ಹಿಂದುಮುಂದಾದ ಪಾದಗಳನ್ನು ಕನಿಷ್ಠ ಹತ್ತು ಭಾನುವಾರ ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಂಡಿರಬೇಕಾಗಿ ಪ್ರಾರ್ಥನೆ.