ಮಸ್ಕಿ ರೊಟ್ಟಿಗೆ ಕಂಪನಿ ಸಂಬಂಧ

ಸಣ್ಣ ವ್ಯಾಪಾರಿಗಳಿಗೂ ದೊಡ್ಡ ಕಂಪನಿಗಳಿಗೂ ಸಂಬಂಧ ಕುದುರಿಸು ಎಂದು ಸರಕಾರ ನನಗೆ ಸಂಬಳ ಕೊಡುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸುತ್ತುವ ಈ ನೌಕರಿಯಲ್ಲಿ ನನಗೆ ರಜೆ ಸಿಕ್ಕರೂ ನಗೆಪಾಟಲಿಗೆ ರಜೆಯಿಲ್ಲ.

ಸಮಾವೇಶದ ಚಹಾ

ಸಿಂಧನೂರಿನಲ್ಲಿ ಸಣ್ಣ ವ್ಯಾಪಾರಿಗಳ ಸಮಾವೇಶ. ನಮ್ಮ ದೊಡ್ಡ ಸಾಹೇಬರ ಕಾರು ನಿಲ್ಲಬೇಕೆಂದು ಗೇಟಿನ ಮುಂದಿದ್ದ ಚಹಾ ಬಂಡಿಯನ್ನು ಬೆಳಿಗ್ಗೆಯೇ ಎತ್ತಿಸಿದ್ದರು. ಭಾಷಣ ಮಾಡಿ ಮಾಡಿ ಸಾಹೇಬರ ಗಂಟಲು ಒಣಗಿತು, ಚಹಾ ತರಿಸು ಅಂದರು. ಬಂಡಿಯವನನ್ನು ಹುಡುಕುತ್ತ ಹೋದೆ. ಬಸ್ ಸ್ಟ್ಯಾಂಡಿನ ಹಿಂದೆ ಸಿಕ್ಕ.

"ಬರಾಕ ತಯಾರ್ ಅದೀನ್ರಿ," ಅಂದ. "ಬಂಡಿ ಎಲ್ಲಿ ನಿಂದ್ರಸ್ಲಿ? ನನ್ನ ಜಾಗಾದಾಗ ಸಾಹೇಬ್ರ ಕಾರ್ ಐತಿ."

ಬೆರಳಿನ ಗುರುತು

ಆ ಸಮಾವೇಶಕ್ಕೆ ಮಸ್ಕಿಯಿಂದ ಖಡಕ್ ರೊಟ್ಟಿ ಮಾಡುವ ಹೆಣ್ಣುಮಗಳೊಬ್ಬರು ಬಂದಿದ್ದರು. ಎಲ್ಲರಿಗೂ ಅವರು ಅಕ್ಕಾರು. ಮದುವೆ ಸೀಸನ್ ಮುಗಿದರೆ ಅವರ ಜೊತೆಗಿನ ಹೆಂಗಸರಿಗೆ ಕೆಲಸವಿಲ್ಲ. ವರ್ಷವಿಡೀ ಆರ್ಡರ್ ಬೇಕು, ಅದೊಂದೇ ಆಸೆ. ನನಗೂ ಪಾಪ ಅನ್ನಿಸಿ ಒಂದು ದೊಡ್ಡ ಕಂಪನಿಯ ಮ್ಯಾನೇಜರನ್ನು ಮಸ್ಕಿಗೆ ಕರೆತಂದೆ.

ಆತ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಏನಮ್ಮ ಇದು, ಮೇಲೆಲ್ಲ ಬೆರಳಿನ ಗುರುತು?" ಅಂದ.

"ಕೈಲೆ ಬಡದ್ರ ಬೆರಳು ಮೂಡ್ತಾವ್ರೀ," ಅಂದರು ಅಕ್ಕಾರು. "ಕಾಲಿನ ಗುರ್ತು ಇದ್ರ ಹೇಳ್ರಿ."

ಹೊಸ ಕೌಶಲ

ಬೆರಳಿನ ಗುರುತಿರುವ ರೊಟ್ಟಿಯನ್ನು ಕಂಪನಿ ಪಾಸ್ ಮಾಡುವುದಿಲ್ಲ ಎಂದು ಮ್ಯಾನೇಜರು ಹೇಳಿಹೋದ. ಕೊನೆಗೆ ಸಬ್ಸಿಡಿಯಲ್ಲಿ ಯಂತ್ರ ಕೊಡಿಸಿದೆವು. ರೊಟ್ಟಿ ದುಂಡಗೆ, ನುಣ್ಣಗೆ ಬಂದವು. ಮೊದಲ ಲೋಡು ಹೋದ ಹಾಗೆಯೇ ವಾಪಸ್ ಬಂತು! ಕಂಪನಿಯವರು ಪೊಟ್ಟಣದ ಮೇಲೆ 'ಹಳ್ಳಿಯ ಕೈರೊಟ್ಟಿ' ಎಂದು ಅಚ್ಚು ಹಾಕಿಸಿದ್ದಾರಂತೆ, ಬೆರಳು ಕಾಣದಿದ್ದರೆ ಗಿರಾಕಿ ನಂಬುವುದಿಲ್ಲವಂತೆ. ಈಗ ಯಂತ್ರ ರೊಟ್ಟಿ ಒತ್ತುತ್ತದೆ, ಹೆಂಗಸರು ಸಾಲಾಗಿ ಕೂತು ಅದರ ಮೇಲೆ ಬೆರಳು ಒತ್ತುತ್ತಾರೆ. ನಮ್ಮ ಇಲಾಖೆ ಇದನ್ನು ಕೌಶಲ ತರಬೇತಿ ಎಂದು ವರದಿ ಮಾಡಿದೆ.

ಮ್ಯಾನೇಜರನ ಊಟ

ಮೊನ್ನೆ ಆ ಮ್ಯಾನೇಜರು ಆರ್ಡರ್ ಮುಂದುವರಿಸಬೇಕೋ ಬೇಡವೋ ನೋಡಲು ಮತ್ತೆ ಬಂದ. ಊಟದ ಹೊತ್ತಾಗಿತ್ತು. ಅಕ್ಕಾರು ತಾಟಿಗೆ ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸಿ, ಕಂಪನಿಯ ಪೊಟ್ಟಣ ಒಡೆದು ರೊಟ್ಟಿ ಇಟ್ಟರು. ಮ್ಯಾನೇಜರನ ಕಣ್ಣು ಮಾತ್ರ ಒಲೆಯ ಕಡೆ. ಅಲ್ಲಿ ಮನೆಯವರಿಗೆಂದು ಕೈಯಲ್ಲಿ ಬಡಿದ ಬಿಸಿರೊಟ್ಟಿ ಉಬ್ಬುತ್ತಿತ್ತು.

"ಇದು ಬೇಡಮ್ಮ," ಅಂದ ತಾಟು ಸರಿಸಿ. "ನೀವು ಉಣ್ಣೋದನ್ನೇ ಕೊಡಿ."

ಅಕ್ಕಾರು ಗಾಬರಿಯಾಗಿ ಕೈ ಮುಗಿದರು.

"ಅಯ್ಯ, ಅದನ್ನ ಹ್ಯಾಂಗ ಕೊಡ್ಲಿ ಸಾಹೇಬ್ರ? ನಿಮ್ಮ ಕಂಪನಿ ಪಾಸ್ ಮಾಡಿಲ್ಲಲ್ರೀ!"